ಸೊಳ್ಳೆ ಬ್ಯಾಟಿನಿಂದ ಎದ್ದ ಹುಲ್ಲು
ನಾವು ನಾಲ್ವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರು. ಹಾನಗಲ್ಲಿಗೂ ಹಿರೇಕೆರೂರಿಗೂ ರೈಲಿಲ್ಲ. ಅದಕ್ಕೇ 1:87 ಅಳತೆಯಲ್ಲಿ ನಾವೇ ಹಳಿ ಹಾಕಿದೆವು. ಹಳಿ ಪಕ್ಕ ಹುಲ್ಲು ಬೇಕಲ್ಲ? ಅದನ್ನು ನಿಲ್ಲಿಸೋ ಯಂತ್ರಕ್ಕೆ ಸಾವಿರಾರು ರೂಪಾಯಿ! ಹಳೇ ಸೊಳ್ಳೆ ಬ್ಯಾಟ್ ಬಿಚ್ಚಿ, ಒಂದು ತಂತಿಯನ್ನು ಸ್ಟೀಲಿನ ಚಹಾ ಜರಡಿಗೆ, ಇನ್ನೊಂದನ್ನು ಹಸಿ ಅಂಟಿಗೆ ಚುಚ್ಚಿದ ಮೊಳೆಗೆ ಜೋಡಿಸಿದೆವು. ಜರಡಿಗೆ ಪ್ಲಾಸ್ಟಿಕ್ ಪೈಪಿನ ಹಿಡಿಕೆ. ಗುಂಡಿ ಒತ್ತಿ ಅಲ್ಲಾಡಿಸಿದರೆ 2 ಮಿಲಿಮೀಟರಿನ ನೈಲಾನ್ ಎಳೆಗಳು ವಿದ್ಯುತ್ ಕ್ಷೇತ್ರದ ರೇಖೆ ಹಿಡಿದು ಇಳಿದು, ಅಂಟಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ಲೆಕ್ಕಕ್ಕೆ ಅದು 17 ಸೆಂಟಿಮೀಟರ್ ಹುಲ್ಲು, ಮಳೆಗಾಲದಾಗ ನಮ್ಮ ಹೊಲದ ಬದುವಿನ ಮ್ಯಾಲೆ ಇರ್ತದಲ್ಲ, ಅಷ್ಟು. ಒಂದು ಹುಷಾರು: ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತೆ, ಜರಡಿಯನ್ನು ಮೊಳೆಗೆ ಮುಟ್ಟಿಸಿದ ಮೇಲೇ ಕೈ ಹಾಕ್ರಿ. ನಿಜವಾದ ಹಳಿ ಬರೋತನಕ ಹಾನಗಲ್ಲ ಸ್ಟೇಷನ್ ನಮ್ಮ ಹಾಸ್ಟೆಲ್ ಮೇಜಿನ ಮ್ಯಾಲೆ ಐತಿ.