ಗೋಪುರದ ಚೀಲ, ತೇರಿನ ಚೀಲ

ನಮ್ಮ ಧಾರವಾಡ ಸೀಮೆಯಲ್ಲಿ ಚೀಲಕ್ಕೆ ಇರುವ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಬೇಕು. ಎಲೆ ಅಡಿಕೆ ಇಡುವುದು ಚಂಚಿ. ಹೆಗಲ ಹಿಂದೊಂದು ಮುಂದೊಂದು ಹೊಟ್ಟೆ ಬಿಟ್ಟುಕೊಂಡು ಜೋತು ಬೀಳುವುದು ಹಸಿಬೆ. ಜಂಗಮರ ಹೆಗಲಲ್ಲಿದ್ದರೆ ಜೋಳಿಗೆ. ಸುಗ್ಗಿಯ ಜೋಳ ತುಂಬಿ ನಿಂತರೆ ಗೋಣಿಚೀಲ. ಶಾಲೆಗೆ ಹೊರಟ ಮಗುವಿನ ಬೆನ್ನ ಮೇಲಿದ್ದರೆ ಪಾಟಿಚೀಲ. ಪಾಟಿ ಮಾಯವಾಗಿ ಎಷ್ಟೋ ವರ್ಷಗಳಾದವು. ಚೀಲದ ಹೆಸರಿನಲ್ಲಿ ಮಾತ್ರ ಅದು ಇನ್ನೂ ಉಳಿದುಕೊಂಡಿದೆ. ಈ ಹೆಸರುಗಳೆಲ್ಲ ಚೀಲ ಮಾಡುವ ಕೆಲಸದಿಂದಲೋ, ಅದನ್ನು ಹೊರುವವರಿಂದಲೋ ಬಂದವು. ಹೊಲಿದವರಿಂದ ಬಂದ ಹೆಸರು ಒಂದೂ ಇಲ್ಲ.

ಮಾಡಿದವರ ಹೆಸರು ಮರೆಯಾಗುವುದು ನಮ್ಮಲ್ಲಿ ಹೊಸದೂ ಅಲ್ಲ. ನಮ್ಮ ಸುತ್ತಿನ ಒಳ್ಳೆಯ ಸಾಮಾನುಗಳೆಲ್ಲ ಊರಿನ ಹೆಸರು ಹೊತ್ತು ತಿರುಗುತ್ತವೆ. ತೊಟ್ಟಿಲೆಂದರೆ ಕಲಘಟಗಿಯದು, ಫೇಡೆಯೆಂದರೆ ಧಾರವಾಡದ್ದು, ಜಮಖಾನೆಯೆಂದರೆ ನಮ್ಮ ನವಲಗುಂದದ್ದು. ಈ ಜಮಖಾನೆಯನ್ನು ಮನೆಯೊಳಗಿನ ನೆಟ್ಟ ಮಗ್ಗದ ಮುಂದೆ ಕೂತು ನೇಯುವವರು ಹೆಣ್ಣುಮಕ್ಕಳು. ನವಿಲು, ಚೌಕಾಬಾರದ ಮನೆ ಕಂಡ ಕೂಡಲೇ ಬಲ್ಲವರು ಊರು ಹೇಳಿಬಿಡುತ್ತಾರೆ. ಮಗಳು ಮದುವೆಯಾಗಿ ಹೋದರೆ ವಿದ್ಯೆಯೂ ಊರು ಬಿಟ್ಟೀತೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದರೆಂಬ ಮಾತನ್ನು ಕೇಳುತ್ತಲೇ ನಾವು ಬೆಳೆದೆವು. ೨೦೧೧ರಲ್ಲಿ ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರಿಗೆ ಕಾಯ್ದೆಯ ಬೇಲಿ ಬಂತು. ಒಳ್ಳೆಯದೇ ಆಯಿತು. ಆದರೆ ಜಮಖಾನೆ ಹಾಸಿ ಕೂತವರು 'ಇದನ್ನು ನೇಯ್ದ ಕೈ ಯಾರದು' ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಹಾಗೆಂದು ನಾವು ಹೆಸರು ಹೊರದ ಜನವೇನೂ ಅಲ್ಲ. ಮದುವೆಯ ಜವಳಿ ತಂದ ಅಂಗಡಿಯ ಚೀಲವನ್ನು ಐದಾರು ವರ್ಷ ಸಂತೆಗೆ ಒಯ್ಯುತ್ತೇವೆ. ಅದರ ಮೇಲೆ ಅಂಗಡಿಯ ಹೆಸರು, ಫೋನ್ ನಂಬರು, ಬೀದಿಯ ವಿಳಾಸ ಎಲ್ಲವೂ ಇರುತ್ತವೆ. ಕೂಲಿಯಿಲ್ಲದೆ ಇಷ್ಟು ನಿಷ್ಠೆಯಿಂದ ಜಾಹೀರಾತು ಹೊತ್ತು ತಿರುಗುವವರು ನಮ್ಮ ಹೆಣ್ಣುಮಕ್ಕಳನ್ನು ಬಿಟ್ಟರೆ ಬೇರೆ ಯಾರಿದ್ದಾರೆ? ಇನ್ನು ಹಣವಿದ್ದವರು ಹೆಸರಿಗಾಗಿಯೇ ಚೀಲ ಕೊಳ್ಳುತ್ತಾರೆ. ಪ್ಯಾರಿಸ್ಸಿನ ಲೂಯಿ ವಿಟಾನ್ ಮನೆತನದವರು ೧೮೯೬ರಲ್ಲಿ ತಮ್ಮ ಪೆಟ್ಟಿಗೆಗಳ ಬಟ್ಟೆಯ ತುಂಬ ಹೆಸರಿನ ಎರಡು ಅಕ್ಷರಗಳನ್ನೂ ಹೂಗಳನ್ನೂ ಮೂಡಿಸಿದ್ದು ನಕಲು ಮಾಡುವವರ ಕಾಟ ತಡೆಯಲಿಕ್ಕೆ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ಗುರುತುಗಳಲ್ಲಿ ಅದೂ ಒಂದು. ಹೆಸರಿಗೆ ಬೆಲೆ ಬಂದರೆ ಕಳ್ಳರೂ ಬರುತ್ತಾರೆ ಅನ್ನಿ.

ಚೀಲದ ವಿಷಯದಲ್ಲಿ ನಾನು ಇಷ್ಟು ತಲೆ ಹಾಕಲು ಕಾರಣ ನನ್ನ ನೆಗೆಣ್ಣಿ. ನನ್ನದು ಬಿ.ಎ., ಬಿ.ಎಡ್. ಮುಗಿಸಿ ಶಾಲೆ ಸೇರಿದ ಬದುಕು. ಅವಳದು ಹೊಲಿಗೆ ಮಶೀನಿನ ಬದುಕು. ೨೦೧೬ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂದಾಗ ಕಿರಾಣಿ ಅಂಗಡಿಯವರು ಬಟ್ಟೆ ಚೀಲ ಕೇಳಿಕೊಂಡು ಅವಳ ಬಾಗಿಲಿಗೆ ಬಂದರು. ಬ್ಲೌಸು, ಲಂಗ ಹೊಲಿಯುತ್ತಿದ್ದವಳು ಸಂತೆಚೀಲ ಹೊಲಿಯತೊಡಗಿದಳು. ಓಣಿಯ ಐವರು ಹೆಣ್ಣುಮಕ್ಕಳು ಜೊತೆಯಾದರು. ಪ್ಲಾಸ್ಟಿಕ್ಕು ಹಿಂದಿನ ಬಾಗಿಲಿನಿಂದ ಮತ್ತೆ ಬಂತು, ಅಂಗಡಿಯವರು ಹೋದರು. ಆದರೆ ಅಷ್ಟರಲ್ಲಿ ಆರು ಮಂದಿಗೆ ಚೀಲದ ಕೈ ಕೂತಿತ್ತು.

೨೦೧೯ರ ಮೇ ತಿಂಗಳಲ್ಲಿ ಶಿಕ್ಷಣ ಇಲಾಖೆ ಶಾಲಾ ಚೀಲದ ತೂಕಕ್ಕೆ ಮಿತಿ ಹಾಕಿತು. ಒಂದು, ಎರಡನೇ ತರಗತಿಯ ಮಗು ಒಂದೂವರೆಯಿಂದ ೨ ಕಿಲೋ. ಮೂರರಿಂದ ಐದರವರೆಗೆ ೨ರಿಂದ ೩. ಆರರಿಂದ ಎಂಟರವರೆಗೆ ೩ರಿಂದ ೪. ಒಂಬತ್ತು, ಹತ್ತಕ್ಕೆ ೪ರಿಂದ ೫ ಕಿಲೋ. ತಿಂಗಳ ಮೂರನೆಯ ಶನಿವಾರ ಚೀಲವೇ ಇಲ್ಲದ ದಿನ. ಸುತ್ತೋಲೆ ಓದಿದ ದಿನ ನಾನು ನಮ್ಮ ಶಾಲೆಯ ಒಂದೆರಡು ಖಾಲಿ ಚೀಲಗಳನ್ನೇ ಕಿರಾಣಿ ಅಂಗಡಿಯ ತಕ್ಕಡಿಗೆ ಇಟ್ಟು ನೋಡಿದೆ. ಒಂದು ೭೫೦ ಗ್ರಾಂ, ಇನ್ನೊಂದು ೮೦೦. ಪುಸ್ತಕ ಇಡುವ ಮೊದಲೇ ಚಿಕ್ಕ ಮಗುವಿನ ಪಾಲಿನ ಅರ್ಧದಷ್ಟು ಭಾರ ಚೀಲವೇ ನುಂಗಿತ್ತು. ನೆಗೆಣ್ಣಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಅಕ್ಕಾ, ಎಷ್ಟ ಗ್ರಾಂಮಿನಾಗ ಆಗಬೇಕ ಹೇಳು."

ಚೀಲದ ಮಾದರಿ ತೆಗೆಯುವುದು ಬ್ಲೌಸಿನ ಮಾದರಿ ತೆಗೆದಂತಲ್ಲ. ಬ್ಲೌಸು ಮೈ ನೋಡಿ ಹೊಲಿಯುವಂಥದ್ದು, ಚೀಲ ಭಾರ ನೋಡಿ ಹೊಲಿಯುವಂಥದ್ದು. ಭಾರವೆಲ್ಲ ಬೀಳುವುದು ಹಿಡಿಕೆ ಮೈಗೆ ಕೂಡುವ ಎರಡು ಅಂಗುಲ ಜಾಗದ ಮೇಲೆ. ಅಲ್ಲಿ ಚೌಕಾಕಾರ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಟಾಕಿ ಹಾಕಬೇಕು. ಸಂತೆಚೀಲಕ್ಕಾದರೆ ಹಿಡಿಕೆಯ ಪಟ್ಟಿಯನ್ನು ತಳದ ಕೆಳಗಿನಿಂದ ಸುತ್ತಿ ತಂದರೆ ಭಾರವನ್ನು ಬಟ್ಟೆ ಹೊರುವುದಿಲ್ಲ, ಪಟ್ಟಿ ಹೊರುತ್ತದೆ. ಬೆನ್ನಿನ ಚೀಲದ ಪಟ್ಟಿ ಸಣ್ಣದಾದರೆ ಹೆಗಲು ಕೊರೆಯುತ್ತದೆ. ಅಗಲವಾಗಿ, ಒಳಗೆ ಹಳೆಯ ಕೌದಿಯ ಹಾಗೆ ಮೂರು ಪದರ ಬಟ್ಟೆ ಕೂಡಿಸಿ ಹೊಲಿದರೆ ಮೆತ್ತಗಿರುತ್ತದೆ. ದಪ್ಪ ಬಟ್ಟೆಗೆ ೧೬ ನಂಬರಿನ ಸೂಜಿ ಬೇಕು. ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಚೀಲ ಕುಗ್ಗಿ ಅಸ್ತರ ಜೋಲುತ್ತದೆ. ನಮ್ಮ ಎರೆಮಣ್ಣಿನ ಊರಲ್ಲಿ ಬಿಳಿ ಬಟ್ಟೆಯ ಆಸೆ ಇಟ್ಟುಕೊಳ್ಳುವಂತಿಲ್ಲ. ಕೊನೆಗೆ ಚೀಲ ೩೫೦ ಗ್ರಾಮಿಗೆ ಬಂದು ನಿಂತಿತು. ಆ ದಿನ ತಕ್ಕಡಿಯ ಅಂಗಡಿಯವರೂ ಪೆಪ್ಪರಮೆಂಟು ಹಂಚಿದರು.

ಲೆಕ್ಕದ ಜವಾಬ್ದಾರಿ ನನ್ನದು. ಬಟ್ಟೆಗೆ ೧೧೦ ರೂಪಾಯಿ, ಅಸ್ತರಕ್ಕೆ ೩೫, ಝಿಪ್ಪು ಪಟ್ಟಿಗೆ ೩೦, ದಾರಕ್ಕೆ ೫, ಕತ್ತರಿಸಿ ಹೊಲಿದ ಕೂಲಿ ೧೨೦, ಬಸ್ಸಿನ ಖರ್ಚು ಮತ್ತು ಹಾಳಾದ ತುಂಡುಗಳ ಬಾಬತ್ತು ೧೫. ಇದಕ್ಕೆ ಇನ್ನೊಂದು ೧೫ ರೂಪಾಯಿ ಸೇರುತ್ತದೆ. ಅದರ ವಿಷಯ ಈಗ ಹೇಳುತ್ತೇನೆ. ಒಟ್ಟು ೩೩೦. ನಾವು ೪೦೦ಕ್ಕೆ ಮಾರುತ್ತೇವೆ. ಈ ಪಟ್ಟಿಯಲ್ಲಿ ಎಲ್ಲರೂ ಮೊದಲು ಕೈ ಇಡುವುದು ಕೂಲಿಯ ಮೇಲೆ. ಬಟ್ಟೆಯವನು ಬಿಡುವುದಿಲ್ಲ, ಝಿಪ್ಪಿನವನು ಬಿಡುವುದಿಲ್ಲ. ಆದ್ದರಿಂದ ಹೊಲಿದವಳು ಬಿಡಬೇಕು ಎನ್ನುವುದು ಪೇಟೆಯ ಗಣಿತ.

ಆ ೧೫ ರೂಪಾಯಿ ಗುರುತಿನದು. ಚೀಲಕ್ಕೆ ಒಂದು ಹೆಸರು ಬೇಕೆಂಬ ಮಾತು ಬಂದಾಗ ದೇವರ ಹೆಸರು, ಮಕ್ಕಳ ಹೆಸರು, ಇಂಗ್ಲಿಷ್ ಹೆಸರು ಎಲ್ಲ ಬಂದು ಹೋದವು. 'ಪಾಟಿಚೀಲ' ಎಂದೇ ಇಡೋಣವೆಂದು ನಾನು ಹೇಳಿದೆ. ಹುಬ್ಬಳ್ಳಿಯ ವಕೀಲರೊಬ್ಬರು ನಕ್ಕರು. ೧೯೯೯ರ ಟ್ರೇಡ್ ಮಾರ್ಕ್ ಕಾಯ್ದೆಯ ೯ನೇ ಕಲಮಿನ ಪ್ರಕಾರ ವಸ್ತುವನ್ನೇ ಬಣ್ಣಿಸುವ ಮಾತನ್ನು ಒಬ್ಬರ ಸ್ವತ್ತೆಂದು ಬರೆಸಿಕೊಳ್ಳುವುದು ಕಷ್ಟವಂತೆ. ಚೀಲಗಳು ೧೮ನೇ ವರ್ಗಕ್ಕೆ ಸೇರುತ್ತವೆ, ಒಮ್ಮೆ ನೋಂದಾಯಿಸಿದರೆ ೧೦ ವರ್ಷ ಬಾಳಿಕೆ ಎಂದೂ ಹೇಳಿದರು. ಹಾಗಾದರೆ ಹೊಲಿದವರ ಹೆಸರನ್ನೇ ಹಾಕೋಣ ಅಂದೆ. ಆರು ಮಂದಿಯೂ ಹೌಹಾರಿದರು. "ಬ್ಯಾಡ್ರಿ ಅಕ್ಕಾರ, ನಮ್ಮ ಹೆಸರು ಹೊತ್ತಕೊಂಡು ಯಾವ್ಯಾವ ಊರಾಗೋ ಚೀಲ ತಿರಗಿದ್ರ ಮನ್ಯಾಗ ಏನಂದಾರ್ರಿ?"

ದಾರಿ ತೋರಿಸಿದ್ದು ಕಸೂತಿ. ಆರರಲ್ಲಿ ಹಿರಿಯಳಾದವಳಿಗೆ ಚಂದ್ರಕಾಳಿ ಸೀರೆಯ ಕಾಲದ ಗವಂತಿ, ಮುರ್ಗಿ, ನೇಗಿ, ಮೆಂತಿ ನಾಲ್ಕೂ ಬರುತ್ತಿದ್ದವು. ಎರಡು ಬೆರಳಗಲದ ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸಿ ಗವಂತಿಯಲ್ಲಿ ಒಂದು ಪುಟ್ಟ ಗೋಪುರ ತೆಗೆದಳು. ಗವಂತಿಯ ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತದೆ. ಗಂಟು ಇಲ್ಲ, ಹಿಂದೂ ಮುಂದೂ ಒಂದೇ ಚಿತ್ರ. ಪ್ರತಿಯೊಬ್ಬಳೂ ಒಂದೊಂದನ್ನು ಆರಿಸಿಕೊಂಡಳು. ಗೋಪುರ, ತೇರು, ತುಳಸಿಕಟ್ಟೆ, ಪಲ್ಲಕ್ಕಿ, ಆನೆ, ನವಿಲು. ತುಂಡಿನ ಒಂದು ಅಂಚನ್ನು ಮಾತ್ರ ಹೊಲಿಗೆಯಲ್ಲಿ ಸಿಕ್ಕಿಸಿದ್ದರಿಂದ ಅದು ಎಲೆಯಂತೆ ಆಡುತ್ತದೆ, ಎರಡೂ ಮೈ ಕಾಣುತ್ತದೆ. ಇದನ್ನು ಯಾವ ವಕೀಲರೂ ನಮ್ಮ ಸ್ವತ್ತೆಂದು ಬರೆದುಕೊಡಲಾರರು. ಕಸೂತಿಯ ಗೋಪುರ ಯಾರೊಬ್ಬರದೂ ಅಲ್ಲ. ಆದರೆ ಈ ಚೀಲದ ಮೇಲಿನ ಗೋಪುರ ಯಾರದೆಂದು ನಮ್ಮೂರಿಗೆ ಗೊತ್ತು.

ಗುರುತನ್ನು ನಾವು ಮೊದಲು ಅಂದಕ್ಕಾಗಿ ಹಾಕಿದ್ದೆಂದು ಜನ ತಿಳಿದರು. ಅದರ ಕೆಲಸ ಬೇರೆ. ಹರಿದ ಚೀಲ ತಿರುಗಿ ಬಂದರೆ ಗುರುತು ನೋಡಿ ಹೊಲಿದವಳಿಗೇ ಕೊಡುತ್ತೇವೆ; ಅವಳು ಪುಕ್ಕಟೆ ಸರಿ ಮಾಡುತ್ತಾಳೆ. ಮೊದಲ ವರ್ಷ ಆನೆಯ ಚೀಲಗಳು ಮೂರು ತಿರುಗಿ ಬಂದವು. ಯಾರೂ ಬೈಯಲಿಲ್ಲ. ಎರಡನೆಯ ವರ್ಷ ಒಂದೂ ಬರಲಿಲ್ಲ. ಮೂವತ್ತು ವರ್ಷದಿಂದ ಮಕ್ಕಳ ಪಾಟಿ, ಪುಸ್ತಕ ತಿದ್ದುತ್ತಿರುವ ನನಗೆ ಇಷ್ಟು ಸದ್ದಿಲ್ಲದ ತಿದ್ದುಪಡಿ ಇನ್ನೊಂದು ಗೊತ್ತಿಲ್ಲ.

ಅಮೇರಿಕದ ಮಾರ್ಗರೆಟ್ ನೈಟ್ ಎಂಬಾಕೆಯ ಕಥೆಯನ್ನು ನಾನು ಇವರಿಗೆ ಒಂದು ಮಧ್ಯಾಹ್ನ ಹೇಳಿದ್ದೆ. ಚೀಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆಕೆ, ತಳ ಚಪ್ಪಟೆಯಾದ ಕಾಗದದ ಚೀಲವನ್ನು ತಾನೇ ಮಡಿಸಿ ಅಂಟಿಸುವ ಯಂತ್ರ ಕಂಡುಹಿಡಿದಳು. ಅದನ್ನು ಕಬ್ಬಿಣದಲ್ಲಿ ಮಾಡಿಸುತ್ತಿದ್ದಾಗ ನೋಡಿಕೊಂಡು ಹೋದ ಚಾರ್ಲ್ಸ್ ಅನಾನ್ ಎಂಬವನು ತನ್ನ ಹೆಸರಿಗೆ ಹಕ್ಕು ಬರೆಸಲು ಹೊರಟ. ಹೆಣ್ಣಿಗೆ ಯಂತ್ರದ ಸೂಕ್ಷ್ಮ ಎಲ್ಲಿ ತಿಳಿಯಬೇಕು ಎಂಬುದು ಅವನ ವಾದವಾಗಿತ್ತಂತೆ. ಆಕೆ ತನ್ನ ನಕ್ಷೆ, ಟಿಪ್ಪಣಿಗಳನ್ನು ಮುಂದಿಟ್ಟು ಗೆದ್ದಳು. ೧೮೭೧ರಲ್ಲಿ ಪೇಟೆಂಟು ಅವಳ ಹೆಸರಿಗೆ ಬಂತು. ಕಥೆ ಕೇಳಿ ತುಳಸಿಕಟ್ಟೆಯವಳು, "ಆಕಿ ಬರದಿಟ್ಟಿದ್ದಳಲ್ರಿ, ಅದಕ ಉಳೀತ್ರಿ" ಅಂದಳು.

ಈ ಗುರುತಿಗೆ ಪರೀಕ್ಷೆ ಬಂದದ್ದು ಒಂದು ದೊಡ್ಡ ಬೇಡಿಕೆಯ ರೂಪದಲ್ಲಿ. ಪೇಟೆಯ ಒಂದು ಅಂಗಡಿಯವರು ಮುನ್ನೂರು ಚೀಲ ಕೇಳಿದರು. ಒಂದಕ್ಕೆ ೩೪೫ ರೂಪಾಯಿ, ಅರ್ಧ ಹಣ ಮುಂಗಡ, ಎರಡು ತಿಂಗಳ ಗಡುವು. ಗುರುತು ತೆಗೆದು ಅವರ ಹೆಸರಿನ ಪಟ್ಟಿ ಹಚ್ಚಬೇಕು. ಚೀಲ ಅವರಲ್ಲಿ ೯೦೦ಕ್ಕೆ ಮಾರಾಟವಾಗುವುದೆಂದು ಅವರ ಹುಡುಗನೇ ಬಾಯಿ ಬಿಟ್ಟಿದ್ದ. ಆರು ಮಂದಿಗೆ ಕೂಲಿಯೇ ೩೬,೦೦೦, ತಲಾ ೬,೦೦೦. ನಮ್ಮ ಓಣಿಯಲ್ಲಿ ಅದು ಸಣ್ಣ ಮೊತ್ತವಲ್ಲ.

ಆ ಸಂಜೆ ನಾನು ಹೆಚ್ಚು ಮಾತಾಡಲಿಲ್ಲ. ತಿಂಗಳಿಗೆ ಸರಿಯಾಗಿ ಪಗಾರ ಎಣಿಸುವವಳು ಉಳಿದವರಿಗೆ ತತ್ವ ಹೇಳುವುದು ಬಲು ಸುಲಭ. ಪಲ್ಲಕ್ಕಿಯವಳ ಮಗಳಿಗೆ ನರ್ಸಿಂಗ್ ಕಾಲೇಜಿನ ಫೀ ಕಟ್ಟುವ ದಿನ ಹತ್ತಿರವಿತ್ತು. "ಹೆಸರು ತಿಂದು ಹೊಟ್ಟಿ ತುಂಬತೈತೇನ್ರಿ? ಅವರ ಪಟ್ಟಿ ಹಚ್ಚಿದ್ರ ನಮ್ಮ ಕೈ ಸವೀತಾವೇನ್ರಿ?" ಎಂದಳು. ಅವಳ ಮಾತಿಗೆ ಉತ್ತರ ಸುಲಭವಿರಲಿಲ್ಲ. ಯಾರೂ ಕೊಡಲೂ ಇಲ್ಲ. ಬಹಳ ಹೊತ್ತಿನ ಮೇಲೆ ಆನೆಯವಳು ಕೇಳಿದಳು: "ಹರದ್ರ ಆ ಚೀಲ ಯಾರ ಮನೀಗೆ ತಿರಗಿ ಬರತೈತ್ರಿ?" ಮೂರು ಚೀಲ ತಿರುಗಿ ಬಂದ ಕಷ್ಟ ಗೊತ್ತಿದ್ದವಳು ಅವಳೇ.

ನೆಗೆಣ್ಣಿ ಅಂಗಡಿಗೆ ಫೋನು ಮಾಡಿದಳು. ಹೊರಗೆ ನಿಮ್ಮ ಪಟ್ಟಿ ಇರಲಿ, ಒಳಜೇಬಿನಲ್ಲಿ ನಮ್ಮ ಗುರುತು ಇರುತ್ತದೆ; ಹೊಲಿಗೆ ಬಿಟ್ಟರೆ ತಿರುಗಿ ಕಳಿಸಿರಿ, ಹೊಲಿದುಕೊಡುತ್ತೇವೆ ಅಂದಳು. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಒಪ್ಪಿಗೆ ಬಂತು, ಆದರೆ ಮುನ್ನೂರಕ್ಕಲ್ಲ, ನೂರಕ್ಕೆ. ಇನ್ನೂರು ಚೀಲದ ಕೂಲಿ ೨೪,೦೦೦ ರೂಪಾಯಿ ನಮ್ಮ ಓಣಿಗೆ ಬರಲಿಲ್ಲ. ಪಲ್ಲಕ್ಕಿಯವಳು ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಫೀ ಕಟ್ಟಿದಳು. ಆ ಮಾತು ಬಂದಾಗ ಇವತ್ತಿಗೂ ಅವಳ ಮುಖ ಸ್ವಲ್ಪ ಬಿಗಿಯುತ್ತದೆ, ಬಿಗಿಯಬೇಕಾದದ್ದೇ. ಅವಳ ಪಲ್ಲಕ್ಕಿಯ ಟಾಕಿ ಮಾತ್ರ ಆರರಲ್ಲೂ ಸಣ್ಣದು, ಸಮನಾದದ್ದು.

ನಮ್ಮ ವ್ಯಾಪಾರ ಬೆಳೆಯಿತೇ ಎಂದು ಕೇಳುವವರಿದ್ದಾರೆ. ಮಶೀನು ಆರಿದ್ದವು, ಏಳಾದವು. ಪೇಟೆಯ ಲೆಕ್ಕದಲ್ಲಿ ಇದು ಬೆಳವಣಿಗೆಯೇ ಅಲ್ಲ. ಆದರೆ ನಮ್ಮ ಶಾಲೆಯಲ್ಲಿ ಮಕ್ಕಳು ಚೀಲವನ್ನು ಕರೆಯುವ ರೀತಿ ಬದಲಾಗಿದೆ. "ನಂದು ತೇರಿನ ಚೀಲ", "ಇದು ನವಿಲಿನವರದು" ಎನ್ನುತ್ತಾರೆ. ಚಂಚಿ, ಹಸಿಬೆ, ಜೋಳಿಗೆಗಳ ಸಾಲಿಗೆ, ಹೊಲಿದವರಿಂದ ಬಂದ ಒಂದೆರಡು ಹೆಸರೂ ಸೇರಿದಂತಾಯಿತು.

ಹೋದ ಶ್ರಾವಣದಲ್ಲಿ ಗದಗಿನ ಬಸ್ಸಿನ ಕಂಡಕ್ಟರರು ಒಂದು ಹಳೆಯ ಸಂತೆಚೀಲ ತಂದುಕೊಟ್ಟರು. ಯಾರ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಒಳಗೊಂದು ಚೀಟಿ: "ಗೋಪುರದವರಿಗೆ ನಮಸ್ಕಾರ. ನಾಕು ವರ್ಷ ಬಾಳಿಕಿ ಬಂದೈತಿ. ಎಡಗಡೆ ಹಿಡಿಕಿ ಸಡ್ಲ ಆಗೈತಿ. ಗಟ್ಟಿ ಹೊಲದು ಇದ ಬಸ್ಸಿಗೆ ಕೊಡ್ರಿ." ಹಿರಿಯಾಕೆ ಕನ್ನಡಕ ಏರಿಸಿಕೊಂಡು ಹಿಡಿಕೆ ಬಿಚ್ಚಿದಳು, ಹೊಸ ಪಟ್ಟಿ ಇಟ್ಟು ಚೌಕ ಹೊಲಿದಳು, ಅಡ್ಡ ಟಾಕಿ ಎರಡರ ಬದಲು ನಾಲ್ಕು ಹಾಕಿದಳು. ಮರುದಿನ ಮುಂಜಾನೆ ಏಳೂವರೆಯ ಬಸ್ಸಿಗೆ ಚೀಲ ಗದಗಿಗೆ ಹೋಯಿತು.