ಶಿರಸಿಯ ಹಿತ್ತಲು, ಮಣ್ಣಿನೊಳಗಿನ ಕಳ್ಳರು

ಹಾವೇರಿಯಿಂದ ಶಿರಸಿಗೆ ನೀವು ಬಸ್ಸಿನಲ್ಲಿ ಹೋಗಿದ್ದೀರಾ? ಹಾನಗಲ್ಲಿನ ತಾರಕೇಶ್ವರನಿಗೆ ಕೂತಲ್ಲಿಂದಲೇ ಕೈಮುಗಿದು ಮುಂದೆ ಸಾಗಿದರೆ ಬಯಲು ಹಿಂದೆ ಬಿದ್ದು ಕಾಡು ಶುರುವಾಗುತ್ತದೆ. ಗಾಳಿ ತಂಪಾಗುತ್ತದೆ, ರಸ್ತೆಬದಿಯ ಮಣ್ಣು ಕೆಂಪಾಗುತ್ತದೆ. ಶಿರಸಿಗೆ ಹೋದವರು ಮಾರಿಕಾಂಬೆಯ ದರ್ಶನ ಮಾಡಿ, ಬನವಾಸಿ, ಸಹಸ್ರಲಿಂಗ, ಯಾಣ ನೋಡಿಕೊಂಡು ಬರುತ್ತಾರೆ. ನಾನು ಹೇಳಹೊರಟಿರುವುದು ಮಾತ್ರ ಅಲ್ಲಿಯ ಹಿತ್ತಲುಗಳ ಸಂಗತಿ.

ಅಲ್ಲಿಯ ಹಳ್ಳಿಗಳಲ್ಲಿ ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಮನೆ, ಮನೆಯ ಹಿಂದೆ ಗೊಬ್ಬರಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ. ಇವುಗಳ ನಡುವೆ ಅಡುಗೆಮನೆಗೆ ಅಂಟಿಕೊಂಡಂತೆ ಹಿತ್ತಲು. ಬೆಂಡೆ, ಬದನೆ, ಹೀರೆ, ಹಾಗಲ, ಬಸಳೆ, ಕೆಸು ಎಲ್ಲಾ ಅಲ್ಲಿಯೇ. ತೋಟದ ಲೆಕ್ಕ ಗಂಡಸರದ್ದಾದರೆ ಹಿತ್ತಲಿನ ಯಜಮಾನಿಕೆ ಹೆಂಗಸರದ್ದು. ಬೀಜವನ್ನು ಅಂಗಡಿಯಿಂದ ತರುವುದು ಕಡಿಮೆ. ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತಿದ ಸೌತೆ ಬೀಜ, ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದಡಿ ತೂಗುಹಾಕಿದ ಮೊಗೆಕಾಯಿ ಇವತ್ತಿಗೂ ಕಾಣಸಿಗುತ್ತವೆ.

2024ರ ಜೂನ್‌ನಲ್ಲಿ, ಮೃಗಶಿರಾ ಮಳೆ ಹಿಡಿದ ಮೇಲೆ, ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳ ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ತಂದ ಉದ್ದನೆಯ ಮೊಗೆಕಾಯಿಯ ತಳಿ ಆ ಮನೆಯಲ್ಲಿದೆ. ಹುಳಿಗೂ ಸೈ, ತೆಳ್ಳೇವಿಗೂ ಸೈ. ಅದರ ಹಿಂದಿನ ವರ್ಷ ಮಳೆ ಕೈಕೊಟ್ಟು ಉಳಿದದ್ದು ಇಪ್ಪತ್ತೇ ಬೀಜ. ಹಾಕಿದ್ದರಲ್ಲಿ ಹನ್ನೆರಡು ಮೊಳೆತವು. ನಾನು ಹೋಗುವ ಹೊತ್ತಿಗೆ ಮೂರು ರಾತ್ರಿಯಲ್ಲಿ ಐದು ಸಸಿ ನೆಲಕ್ಕೆ ಬಿದ್ದಿದ್ದವು. ಉಳಿದ ಏಳೂ ಹೋದರೆ ಆ ತಳಿಯ ಕಥೆಯೇ ಮುಗಿಯಿತು.

ನನ್ನ ಭಾವನವರು ಅಟ್ಟದಿಂದ ಹಳೆಯ ಪೊಟ್ಟಣವೊಂದನ್ನು ಇಳಿಸಿ ತಂದರು. ಒಂದು ಕಾಲದಲ್ಲಿ ತೋಟಕ್ಕೆಂದು ತಂದ ಫೋರೇಟ್ ಹರಳು. "ಒಂದು ಚಿಟಿಕೆ ಹಾಕಿದರೆ ಎಲ್ಲಾ ಸಾಯ್ತವೆ" ಅಂದರು. ಬಾವಿ ಅಲ್ಲಿಂದ ಹತ್ತು ಹೆಜ್ಜೆ. ಮೊಮ್ಮಗು ಅದೇ ಮಣ್ಣಿನಲ್ಲಿ ಆಡುತ್ತಿತ್ತು. ಈ ಹರಳು ಮಣ್ಣಲ್ಲಿ ಮಾತ್ರ ಉಳಿಯುವುದಿಲ್ಲ, ಬೇರಿನಿಂದ ಏರಿ ಗಿಡದ ಒಳಗೆಲ್ಲ ಸೇರಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇದರ ಮಾರಾಟ, ಬಳಕೆ ಎರಡನ್ನೂ 2020ರ ಡಿಸೆಂಬರ್ 31ರಿಂದ ನಿಷೇಧಿಸಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೊಟ್ಟಣ ಉಳಿದಿದ್ದರೆ ಹೊಳೆಗೆ ಎಸೆಯಬೇಡಿ, ಬಾವಿಯ ಹತ್ತಿರ ಹೂಳಬೇಡಿ. ಮಕ್ಕಳ ಕೈಗೆ ಸಿಗದಂತೆ ಇಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಅತ್ತೆಯವರು ಪೊಟ್ಟಣವನ್ನು ಮುಟ್ಟಗೊಡಲಿಲ್ಲ. "ಕಳ್ಳ ಯಾರು ಹೇಳಿ ನೋಡದೇ ದೊಣ್ಣೆ ಬೀಸಲಾಗ ತಂಗೀ" ಅಂತ ಹೇಳಿ, ಬಿದ್ದ ಸಸಿಯ ಬುಡದಲ್ಲಿ ಒಂದು ಕಡ್ಡಿಯಿಂದ ಕೆದಕಿದರು. ಒಂದಂಗುಲ ಆಳದಲ್ಲೇ ಸಿಕ್ಕಿತು ನೋಡಿ! ಬೂದುಗಪ್ಪು ಬಣ್ಣ, ಎಣ್ಣೆ ಸವರಿದಂಥ ಮೈ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಹುಳು.

ಇದೇ ಕತ್ತರಿಹುಳು. ರಾತ್ರಿ ಹೊರಬಂದು ಎಳೆಯ ಸಸಿಯನ್ನು ನೆಲಮಟ್ಟಕ್ಕೆ ಕತ್ತರಿಸುತ್ತದೆ. ಹಗಲು ಅದೇ ಬುಡದ ಮಣ್ಣಿನಲ್ಲಿ ಅಡಗಿರುತ್ತದೆ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಬಿದ್ದ ಸಸಿಯ ಸುತ್ತ ಕೆದಕಿ ಹಿಡಿಯಬೇಕು. ರಾತ್ರಿ ಟಾರ್ಚ್ ಹಿಡಿದು ಹೋದರೂ ಸಿಗುತ್ತದೆ. ಉಳಿದ ಏಳು ಸಸಿಗೆ ನಾವು ಅಡಿಕೆ ಹಾಳೆಯನ್ನು ನಾಲ್ಕು ಬೆರಳಗಲಕ್ಕೆ ಕತ್ತರಿಸಿ, ಬಳೆಯಂತೆ ಸುತ್ತಿ, ಅರ್ಧ ಮಣ್ಣಿನೊಳಗೆ ಅರ್ಧ ಮೇಲೆ ಇರುವಂತೆ ನಿಲ್ಲಿಸಿದೆವು. ಹಾಳೆ ಸಿಗದ ಊರಿನವರು ದಪ್ಪ ರಟ್ಟು ಬಳಸಬಹುದು. ಬಳೆಯ ಒಳಗೆ ಹುಳು ಉಳಿದಿಲ್ಲವೆಂದು ಮೊದಲು ಕೆದಕಿ ನೋಡಿಕೊಳ್ಳಿ. ಎರಡು ದಿನದಲ್ಲಿ ಹದಿನಾಲ್ಕು ಹುಳು ಸಿಕ್ಕವು, ಕೋಳಿಗಳಿಗೆ ಹಬ್ಬ. ಏಳು ಸಸಿಗಳಲ್ಲಿ ಒಂದೂ ಬೀಳಲಿಲ್ಲ.

ಆದರೆ ಎಲ್ಲಾ ಹಿತ್ತಲಿನ ಕಳ್ಳನೂ ಒಬ್ಬನೇ ಅಲ್ಲ. ಮಣ್ಣು ತೇವವಾಗಿದ್ದರೂ ಗಿಡ ಸೊರಗಿ, ಮೆಲ್ಲಗೆ ಎಳೆದರೆ ಕೈಗೆ ಬಂದುಬಿಟ್ಟರೆ ಅದು ಗೊಣ್ಣೆಹುಳುವಿನ ಕೆಲಸ. ಬೇರುಹುಳು ಅಂತಲೂ ಕರೆಯುತ್ತಾರೆ. ಬಿಳಿ ಮೈ, ಕಂದು ತಲೆ, ಮುಂದುಗಡೆ ಮೂರು ಜೊತೆ ಕಾಲು. ಇದು ದುಂಬಿಯ ಮರಿ. ಮುಂಗಾರಿನ ಮೊದಲ ಮಳೆಗಳಾದ ಮೇಲೆ ಮುಸ್ಸಂಜೆ ದುಂಬಿಗಳು ಮಣ್ಣಿನಿಂದ ಎದ್ದು ಬರುತ್ತವೆ. ಆಗ ದೀಪದ ಕೆಳಗೆ ಸಾಬೂನು ನೀರಿನ ಬೋಗುಣಿ ಇಟ್ಟು ಹಿಡಿದರೆ ಮೊಟ್ಟೆಯೇ ಕಡಿಮೆಯಾಗುತ್ತದೆ. ಮಡಿ ಅಗೆಯುವ ದಿನ ಕೋಳಿ ಬಿಡಿ; ಇಲ್ಲದಿದ್ದರೆ ಮೈನಾ, ಬೆಳ್ಳಕ್ಕಿ ಬಂದು ಆರಿಸಲಿ. ಹುಳು ವಿಪರೀತವಾಗಿದ್ದರೆ ಮೆಟಾರೈಜಿಯಂ ಎಂಬ ಹಸಿರು ಬೂಷ್ಟಿನ ಪುಡಿಯನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ತೇವದ ಮಣ್ಣಿಗೆ ಸೇರಿಸುತ್ತಾರೆ. ಅದು ಹುಳುವಿಗೇ ರೋಗ ತರುವ ಶಿಲೀಂಧ್ರ. ಪ್ರಮಾಣವನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಶಿರಸಿಯಲ್ಲೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರವೊಂದಿದೆ.

ಗೊಬ್ಬರಗುಂಡಿಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಬಿಳಿ ಹುಳು ಸಾಮಾನ್ಯವಾಗಿ ಬೇರೆ ಜಾತಿ. ಅದು ಕೊಳೆತದ್ದನ್ನು ತಿನ್ನುತ್ತದೆ, ತರಕಾರಿಯ ಬೇರನ್ನಲ್ಲ. ಆದರೆ ದೊಡ್ಡದಾಗಿ ತೆಂಗಿನ ಸುಳಿ ಕೊರೆಯುವ ದುಂಬಿಯಾಗಬಹುದು. ತೆಂಗು ಇದ್ದವರು ಅದನ್ನೂ ಆರಿಸಿ ತೆಗೆಯಿರಿ. ಎರೆಹುಳುವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ.

ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಗೆ ಗೆದ್ದಲಿನ ಕಾಟ ಜಾಸ್ತಿ. ಕಾಂಡದ ಮೇಲೆ ಮಣ್ಣಿನ ಲೇಪ ಕಂಡರೆ ಅದೇ ಗುರುತು. ಒಣಕಡ್ಡಿ, ಅರ್ಧ ಕೊಳೆತ ಹುಲ್ಲು ಮಡಿಯಲ್ಲಿದ್ದರೆ ಅದಕ್ಕೆ ನಾವೇ ಆಮಂತ್ರಣ ಕೊಟ್ಟಂತೆ. ಆರಿಸಿ ಹಾಕಿ, ನೀರು ತಪ್ಪಿಸಬೇಡಿ.

ಕಣ್ಣಿಗೇ ಕಾಣದ ಕಳ್ಳನೊಬ್ಬನಿದ್ದಾನೆ, ಬೇರುಗಂಟು ಜಂತುಹುಳು. ಬದನೆ, ಟೊಮ್ಯಾಟೊ, ಬೆಂಡೆ, ಸೌತೆ ಬೆಳೆಯದೆ ಹಳದಿಯಾಗಿ ನಿಂತರೆ ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಬೇರೇ ಊದಿ ಗಂಟುಗಂಟಾಗಿದ್ದರೆ ಇದರದ್ದೇ ಕೆಲಸ. ಹುರುಳಿ, ಅಲಸಂದೆಯ ಬೇರಿನಲ್ಲಿರುವ ಗಂಟು ಬೇರೆ. ಬೆರಳಿನಿಂದ ತಿಕ್ಕಿದರೆ ಉದುರುತ್ತದೆ, ಒಳಗೆ ಗುಲಾಬಿ ಬಣ್ಣ. ಅದು ಗಿಡಕ್ಕೆ ಸಾರಜನಕ ಕೊಡುವ ಸ್ನೇಹಿತ. ಜಂತುಹುಳು ಇರುವ ಮಡಿಯಲ್ಲಿ ಮತ್ತೆ ಅವೇ ತರಕಾರಿ ಹಾಕಬಾರದು. ಎರಡು ಮೂರು ತಿಂಗಳು ಚೆಂಡುಹೂವನ್ನು ಒತ್ತಾಗಿ ಬೆಳೆಸಿ. ದೇವರಿಗೆ ಹೂವಾಯಿತು, ಮಣ್ಣಿಗೆ ಮದ್ದಾಯಿತು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮಡಿಗೆ ನೀರುಣಿಸಿ, ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ ನಾಲ್ಕರಿಂದ ಆರು ವಾರ ಬಿಟ್ಟರೂ ಬಹಳಷ್ಟು ಸಾಯುತ್ತವೆ. ಶಿರಸಿಯ ನೆರಳಿಗಿಂತ ನಮ್ಮ ಕಡೆಯ ಸುಡುಬಿಸಿಲಿಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಸಸಿ ನೆಡುವ ಎರಡು ವಾರ ಮೊದಲು ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ ಬೆರೆಸುವುದೂ ಒಳ್ಳೆಯದು.

ಗೊಬ್ಬರದ ಬಗ್ಗೆ ಒಂದು ಮಾತು. ಕೈಯಲ್ಲಿ ಹಿಡಿದರೆ ಬಿಸಿ ಇರಬಾರದು, ಸಗಣಿ ವಾಸನೆ ಹೋಗಿ ಮಣ್ಣಿನ ಪರಿಮಳ ಬರಬೇಕು. ಹಸಿ ಗೊಬ್ಬರ ಗೊಣ್ಣೆಹುಳುವಿನ ದುಂಬಿಗೂ ಗೆದ್ದಲಿಗೂ ಬಲು ಇಷ್ಟ.

ಆ ವರ್ಷ ಸೆಪ್ಟೆಂಬರಿನಲ್ಲಿ ತಂಗಿ ಬಸ್ಸಿನಲ್ಲಿ ಎರಡು ಮೊಗೆಕಾಯಿ ಕಳಿಸಿದ್ದಳು. ಒಂದನ್ನು ಹುಳಿ ಮಾಡಿದೆ, ಇನ್ನೊಂದರ ಬೀಜ ಈಗ ಹಾವೇರಿಯ ಗೋಡೆಯ ಮೇಲಿದೆ. ಹಿತ್ತಲು ನಾಲ್ಕು ಮಡಿಯದ್ದೇ ಇರಲಿ, ಸಸಿ ಬಿದ್ದ ಬೆಳಿಗ್ಗೆ ಔಷಧದ ಅಂಗಡಿಗೆ ಓಡುವ ಮೊದಲು ಒಂದು ಕಡ್ಡಿ ಹಿಡಿದು ಬುಡ ಕೆದಕಿ ನೋಡಿ. ಯಾರೆಂದು ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿದ ಹಾಗೆಯೇ.