ಎಲೆಗೆ ಹಳೆಯ ಲೆಕ್ಕ ಗೊತ್ತಿಲ್ಲ

ರಮ್ಮಿ ಆಟದಲ್ಲಿ ಗೆಲ್ಲುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಎಲೆ ಮಡಚುವುದನ್ನು. ಕೈಗೆ ಬಂದ ಹದಿಮೂರು ಎಲೆಗಳಲ್ಲಿ ಜೋಕರ್ ಇಲ್ಲ, ಜೋಡಿಸಲು ಏನೂ ಇಲ್ಲ ಅನ್ನಿಸಿದರೆ ಮೊದಲ ಸರದಿಯಲ್ಲೇ ಬಿಟ್ಟುಬಿಡಬಹುದು, 20 ಪಾಯಿಂಟು ಹೋಗುತ್ತದೆ. ಒಂದಷ್ಟು ಎಳೆದು ನೋಡಿ ಬಿಟ್ಟರೆ 40. ಕೊನೆಯವರೆಗೂ ಕೂತು ಸೋತರೆ 80ರವರೆಗೂ ಹೋಗಬಹುದು. ಸಣ್ಣ ಸೋಲನ್ನು ಬೇಗ ಒಪ್ಪಿಕೊಂಡವನಿಗೆ ದೊಡ್ಡ ಸೋಲು ತಪ್ಪೀತು ಎಂಬ ಬುದ್ಧಿಮಾತು ಆಟದ ನಿಯಮದೊಳಗೇ ಇದೆ.

ಕಿಗ್ಗದಿಂದ ಸಿರಿಮನೆ ಜಲಪಾತಕ್ಕೆ ಹೋಗುವ ದಾರಿಯ ಆಸುಪಾಸಿನಲ್ಲಿ ನಮ್ಮ ಬಂಧುಗಳ ಮನೆಗಳಿವೆ. ದೀಪಾವಳಿಗೋ ಮದುವೆಯ ಹಿಂದಿನ ರಾತ್ರಿಗೋ ಅಲ್ಲಿ ಜಗಲಿಯ ಮೇಲೆ ಚಾಪೆ ಹಾಸಿ ಇಸ್ಪೀಟಿಗೆ ಕೂರುತ್ತಾರೆ. ನನ್ನ ಚಿಕ್ಕಪ್ಪ ಆಟಕ್ಕೆ ಕೂರುವ ಮುಂಚೆ ಪರ್ಸನ್ನು ಒಳಗೆ ಚಿಕ್ಕಮ್ಮನ ಕೈಗೆ ಕೊಟ್ಟು, ಅಂಗಿ ಜೇಬಿನಲ್ಲಿ ಇನ್ನೂರು ರೂಪಾಯಿ ಇಟ್ಟುಕೊಂಡು ಬರುತ್ತಾರೆ. ಅದು ಮುಗಿದರೆ ಪಕ್ಕದವರ ಎಲೆ ನೋಡುತ್ತಾ ಕವಳ ಹಾಕುತ್ತಾರೆ. ವೃತ್ತಿಪರ ಪೋಕರ್ ಆಟಗಾರರು ಆಟದ ದುಡ್ಡನ್ನು ಮನೆಯ ದುಡ್ಡಿನಿಂದ ಬೇರೆ ಇಡಬೇಕು ಎನ್ನುತ್ತಾರೆ. ಚಿಕ್ಕಪ್ಪ ಅದನ್ನು ಎಲ್ಲೂ ಓದಿದವರಲ್ಲ.

ಪೋಕರ್‌ನವರ ಇನ್ನೊಂದು ಪದ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಟಿಲ್ಟ್. ಸೋಲಿನ ಸಿಟ್ಟಿನಲ್ಲಿ ಆಟಗಾರ ತನ್ನ ಲೆಕ್ಕಾಚಾರ ಕಳೆದುಕೊಂಡು ಆಡುವ ಸ್ಥಿತಿ ಅದು. ಎರಡು ಎಕ್ಕ ಹಿಡಿದವನು ಎರಡು ರಾಜ ಹಿಡಿದವನೆದುರು ಇದ್ದದ್ದೆಲ್ಲ ಪಣವಿಟ್ಟರೆ ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತಾನೆ. ಅಂದರೆ ಐದಾರು ಸಲಕ್ಕೊಮ್ಮೆ, ಏನೂ ತಪ್ಪು ಮಾಡದೆ, ಸೋಲುತ್ತಾನೆ. ಆ ಸೋಲು ನಡೆ ಕೆಟ್ಟದಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಹಾಗೆಯೇ ಅಡ್ಡಾದಿಡ್ಡಿ ಆಡಿ ಗೆದ್ದವನ ಗೆಲುವು ಜಾಣತನಕ್ಕೂ ಸಾಕ್ಷಿಯಲ್ಲ. ಇದನ್ನು ಒಪ್ಪುವುದು ಕಷ್ಟ. ಸೋತವನ ಮನಸ್ಸು ಕೇಳುವುದು ‘ಸರಿಯಾಗಿ ಆಡಿದೆನಾ?’ ಎಂದಲ್ಲ, ‘ಹೋದದ್ದನ್ನು ಹೇಗೆ ತರಲಿ?’ ಎಂದು.

ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಧರ್ಮರಾಯ ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ ಎಂದು ಒಂದಕ್ಕಿಂತ ಒಂದು ದೊಡ್ಡ ಪಣ ಒಡ್ಡುತ್ತಾ ಹೋದ. ಎಲ್ಲ ಮರಳಿ ಸಿಕ್ಕ ಮೇಲೂ ಎರಡನೇ ಸಲ ಕರೆದಾಗ ಹೋಗಿ ಕೂತ. ನಾವು ಮರೆಯುವುದು ಮುಂದಿನ ಕತೆಯನ್ನು. ವನವಾಸದಲ್ಲಿ ಬೃಹದಶ್ವ ಮುನಿ ಅವನಿಗೆ ನಳನ ಕತೆ ಹೇಳಿ ಅಕ್ಷಹೃದಯವನ್ನು, ಅಂದರೆ ಪಗಡೆಯ ಒಳಗುಟ್ಟನ್ನು, ಕಲಿಸುತ್ತಾನೆ. ಅಜ್ಞಾತವಾಸದಲ್ಲಿ ಧರ್ಮರಾಯ ಕಂಕನಾಗಿ ವಿರಾಟನ ಜೊತೆ ದಾಳ ಹಾಕುತ್ತಾ ಕೂರುತ್ತಾನೆ. ವಿದ್ಯೆ ಕೈಗೆ ಬಂದ ಮೇಲೂ ಕಳೆದ ರಾಜ್ಯವನ್ನು ದಾಳದಿಂದ ತರಲು ಅವನು ಹೊರಡಲಿಲ್ಲ.

ನನ್ನ ಅತ್ತೆಯ ಮಗ ಅಡಿಕೆ ಮಾರಿ ಬಂದ ದುಡ್ಡಿನ ದೊಡ್ಡ ಪಾಲನ್ನು ಮೊಬೈಲ್ ರಮ್ಮಿಯಲ್ಲಿ ಕಳೆದ. ಅಲ್ಲಿ ಪರ್ಸು ಹಿಡಿದುಕೊಳ್ಳುವ ಚಿಕ್ಕಮ್ಮ ಇಲ್ಲ, ‘ಸಾಕು ಏಳ್ರೋ, ಬೆಳಗಾಯ್ತು’ ಎನ್ನುವ ಅಜ್ಜಿ ಇಲ್ಲ. ಪ್ರತಿ ಆಟಕ್ಕೂ ಕಂಪನಿ ತನ್ನ ಪಾಲು ಮುರಿದುಕೊಳ್ಳುವುದರಿಂದ ಆಡುವವರೆಲ್ಲ ಒಟ್ಟಾಗಿ ಸೋಲುತ್ತಲೇ ಇರುತ್ತಾರೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಮನೆಯವರಿಗೆ ಸಮಾಧಾನವಾಯಿತು, ಅವನಿಗಲ್ಲ.

‘ವಾಪಸ್ ತಗೊಳ್ಳೋ ದಾರಿನೂ ಮುಚ್ಚಿಹೋಯ್ತಲ್ಲ ಅಣ್ಣ’ ಎಂದ. ‘ನೀನು ಸ್ಟ್ಯಾಟಿಸ್ಟಿಕ್ಸ್ ಓದಿದವನು, ಹೇಳು. ಅಷ್ಟು ದಿನ ಸೋತಮೇಲೆ ಗೆಲ್ಲೋ ಸರದಿ ಬರಲೇಬೇಕಿತ್ತು ಅಲ್ವಾ?’

ಬರಬೇಕೆಂದಿಲ್ಲ. ಕಲೆಸಿ ಹಂಚಿದ ಎಲೆಗೆ ನಿನ್ನೆ ಯಾರು ಸೋತರೆಂದು ಗೊತ್ತಿಲ್ಲ. ಅವನಿಗೆ ಬರಬೇಕಾದ ಬಾಕಿ ಎಲ್ಲೂ ಇರಲಿಲ್ಲ, ಅವನ ತಲೆಯಲ್ಲಿ ಮಾತ್ರ ಇತ್ತು. ಇದನ್ನು ಸಂಭವನೀಯತೆಯ ಭಾಷೆಯಲ್ಲಿ ಹೇಳಿದರೆ ಅವನಿಗೆ ತಾಗುವುದಿಲ್ಲ ಅನ್ನಿಸಿ ತೋಟದ ಮಾತೆತ್ತಿದೆ.

ಕಿಗ್ಗದ ಋಷ್ಯಶೃಂಗನಿಗೆ ಮಳೆ ಬರಲಿ ಎಂದೂ ಹರಕೆ, ಸಾಕು ನಿಲ್ಲಲಿ ಎಂದೂ ಹರಕೆ. ಮಳೆ ಹಿಡಿದು ನಿಂತರೆ ಕೊಳೆರೋಗ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿದ ಬೋರ್ಡೋ ಹೊಡೆಯಬೇಕು. ಹೊಡೆದರೂ ಕೆಲವು ವರ್ಷ ಕಾಯಿ ಉದುರುತ್ತದೆ. ಆಗ ಅವನಪ್ಪ ಕೇಳುವುದು ಒಂದೇ: ಔಷಧಿ ಹೊತ್ತಿಗೆ ಸರಿಯಾಗಿ ಹೊಡೆದಿದ್ದೆವಾ? ಹೌದಾದರೆ ಮುಂದಿನ ವರ್ಷವೂ ಅದನ್ನೇ ಮಾಡುತ್ತಾರೆ. ಹೋದ ವರ್ಷದ ನಷ್ಟವನ್ನು ಈ ಮಳೆಗಾಲದಿಂದ ವಸೂಲಿ ಮಾಡುತ್ತೇನೆ ಎಂದು ಯಾರೂ ಹೊರಡುವುದಿಲ್ಲ.

ಹಾಗೆಂದು ತೋಟವೂ ಆಟವೂ ಒಂದೇ ಅಲ್ಲ. ಶೃಂಗೇರಿ, ಕೊಪ್ಪ ಸೀಮೆಯಲ್ಲಿ ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡವರಿಗೆ 20 ಪಾಯಿಂಟಿಗೆ ಎದ್ದುಹೋಗುವ ಅವಕಾಶ ಇರಲಿಲ್ಲ. ಬದುಕು ಹಂಚಿದ ಎಲೆಯನ್ನು ಎಲ್ಲರೂ ಮಡಚಿಡಲಾರರು. ಅದಕ್ಕೇ, ಮಡಚಬಹುದಾದ ಕಡೆ ಮಡಚುವುದು ಸೋತವನ ಹೇಡಿತನ ಎಂದು ನನಗೆ ತೋರುವುದಿಲ್ಲ.

ಅವನು ಕೇಳಿಸಿಕೊಂಡನೋ ಇಲ್ಲವೋ, ‘ಸಾಲ ಇನ್ನೂ ಇದೆ ಮಾರಾಯ’ ಎಂದ. ಇದೆ. ಅದು ನಿಜವಾದ ಬಾಕಿ, ಸೊಸೈಟಿಯ ಪುಸ್ತಕದಲ್ಲಿದೆ. ಮರುದಿನ ಇಬ್ಬರೂ ಕೂತು ಅದನ್ನು ಎಷ್ಟು ಕೊಯ್ಲಿನಲ್ಲಿ ತೀರಿಸಬಹುದೆಂದು ಬರೆದೆವು. ಮೂರು ವರ್ಷ ಎಂದು ಬಂತು. ಮೊದಲ ಸಲ ಅವನ ಲೆಕ್ಕದಲ್ಲಿ ಅದೃಷ್ಟದ ಕಾಲಂ ಇರಲಿಲ್ಲ.